ಹಳೆ ಕಂಪ್ಯೂಟರಿನಲ್ಲೂ ಗೇಮ್ ಆಡಬಹುದು

ಮಾನ್ಯರೇ,

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇಲ್ಲದ ಕಂಪ್ಯೂಟರಿಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ಹೊಸದು ತಗೊಳ್ಳಿ ಎನ್ನುತ್ತಾರೆ ಅಂಗಡಿಯವರು. ಕಾಫಿ ಕೊಯ್ಲಿನ ಕೂಲಿ ಕೊಡುವ ಹೊತ್ತಲ್ಲಿ ಅಷ್ಟು ದುಡ್ಡು ಎಲ್ಲಿಂದ ತರುವುದು?

ಗೋಣಿಕೊಪ್ಪದ ನಮ್ಮ ಮನೆಯಲ್ಲಿ ನಾನೂ ಮಗನೂ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡೆವು. ಲಿನಕ್ಸಿನಲ್ಲಿ ಗೇಮ್ ನಡೆಯುವುದಿಲ್ಲ ಎಂಬ ಮಾತು ಹಳೆಯದಾಯಿತು. ವಾಲ್ವ್ ಕಂಪನಿ 2018ರಲ್ಲಿ ತಂದ ಪ್ರೋಟಾನ್ ಎಂಬ ತಂತ್ರಾಂಶ, ಅದೇ ಕಂಪನಿ ಗೇಮ್ ಮಾರುವ ಸ್ಟೀಮ್ ಆ್ಯಪ್ ಒಳಗೇ ಇದೆ. ವಿಂಡೋಸ್ ಗೇಮ್ ಡೈರೆಕ್ಟ್‌ಎಕ್ಸ್ ಎಂಬ ವಿಂಡೋಸಿನ ಗ್ರಾಫಿಕ್ಸ್ ಭಾಷೆಯಲ್ಲಿ ಕೇಳುವುದನ್ನು ಅದು ಲಿನಕ್ಸಿನಲ್ಲೂ ನಡೆಯುವ ವಲ್ಕನ್ ಎಂಬ ಭಾಷೆಗೆ ಬದಲಿಸಿ ಗ್ರಾಫಿಕ್ಸ್ ಕಾರ್ಡಿಗೆ ಮುಟ್ಟಿಸುತ್ತದೆ, ನಮ್ಮ ಪರವಾಗಿ ಕಚೇರಿಗೆ ಅರ್ಜಿ ಬರೆದುಕೊಡುವವರ ಹಾಗೆ. ಕಾರ್ಡ್ ತೀರಾ ಹಳೆಯದಾಗಿ ವಲ್ಕನ್ ಇಲ್ಲದಿದ್ದರೆ ಮಾತ್ರ ಕಷ್ಟ.

ಎಲ್ಲ ಗೇಮೂ ನಡೆಯುವುದಿಲ್ಲ. ವ್ಯಾಲೊರಂಟ್, ಫೋರ್ಟ್‌ನೈಟ್ ಆಗುವುದಿಲ್ಲ. ಮೋಸ ತಡೆಯುವ ಅವುಗಳ ವ್ಯವಸ್ಥೆ ಲಿನಕ್ಸನ್ನು ಒಪ್ಪುವುದಿಲ್ಲ. ಮಗನ ಗೊಣಗಾಟ ಇನ್ನೂ ನಿಂತಿಲ್ಲ. ನನಗಂತೂ ಒಬ್ಬಳೇ ಆಡುವ ಗೇಮುಗಳೇ ಸಾಕು. ಮಳೆಗಾಲದಲ್ಲಿ ಇಲ್ಲಿ ನೆಟ್ ಇರುವುದೇ ಅನುಮಾನ, ಅಲ್ವಾ?

ಪೆನ್‌ಡ್ರೈವ್‌ನಿಂದಲೇ ಮಿಂಟ್ ಓಡಿಸಿ ನೋಡಬಹುದು. ವಿಂಡೋಸ್ ಅಳಿಸುವ ಮೊದಲು ಫೋಟೊ, ಫೈಲ್ ಬೇರೆ ಕಡೆ ಇಟ್ಟುಕೊಂಡರಾಯಿತು. ನಮ್ಮ ಜಿಲ್ಲೆಯ ರಿಪೇರಿ ಅಂಗಡಿಯವರು ಗಿರಾಕಿಗಳಿಗೆ ಇದನ್ನೂ ಒಮ್ಮೆ ತೋರಿಸಲಿ.

– ಓದುಗಿ, ಗೋಣಿಕೊಪ್ಪ, ಕೊಡಗು