ಗನ್ ಅಂಗಡಿಗೆ ರಾತ್ರಿ ಬೀಗ ಹಾಕಿ ಅಂತ ಹೇಳೋ ಕಾನೂನು ಇಡೀ ಅಮೆರಿಕಕ್ಕೆ ಅಂತ ಇಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪೇಪರಲ್ಲಿ ಅಮೆರಿಕದ ಗನ್ ಹಾವಳಿ ಬಗ್ಗೆ ಬಂದ ಲೇಖನ ಓದ್ದೆ. ಅದರಲ್ಲಿ ಸಂತೇಲಿ ಸೊಪ್ಪು ಸಿಕ್ಕಂಗೆ ಅಲ್ಲಿ ಬಂದೂಕು ಸಿಗುತ್ತೆ ಅಂತ ಒಂದು ಸಾಲು ಇತ್ತು, ನಗು ಬಂತು, ಯಾಕಂದ್ರೆ ಆ ಸೊಪ್ಪು ಮಾರಿದವ್ನು ನಾನೇ. ಊರು ಸಕಲೇಶಪುರದ ಕಡೆ, ಈಗಿರೋದು ಟೆಕ್ಸಾಸಲ್ಲಿ ಡಲ್ಲಾಸ್ ಹತ್ರ. ಹೆಂಡ್ತಿ ಕಡೆಯಿಂದ ಗ್ರೀನ್ ಕಾರ್ಡ್ ಆಗಿ ಬಂದ ಹೊಸದ್ರಲ್ಲಿ ಸರಿಯಾದ ಕೆಲಸ ಸಿಗೋವರ್ಗೂ ಒಂದು ದೊಡ್ಡ ಸ್ಟೋರಲ್ಲಿ ಎರಡು ವರ್ಷ ಗನ್ ಕೌಂಟರ್ ಹಿಂದೆ ನಿಂತಿದ್ದೆ (ಅಮ್ಮಂಗೆ ಮಾತ್ರ ಅಂಗಡೀಲಿ ಕೆಲಸ ಅಂತ ಅಷ್ಟೇ ಹೇಳಿದ್ದು). ಅದಕ್ಕೇ ಬರೀತಿದೀನಿ.

ಅಂಗಡೀಲಿ ಕೊಳ್ಳೋದು ಸೊಪ್ಪು ಕೊಂಡಷ್ಟು ಸಲೀಸಲ್ಲ ಸ್ವಾಮಿ. ಐಡಿ ಕೊಡಬೇಕು, 4473 ಅಂತ ಒಂದು ಫಾರಂ ತುಂಬಬೇಕು, ನಾವು ಕಂಪ್ಯೂಟರಲ್ಲೋ ಫೋನಲ್ಲೋ ಎಫ್‌ಬಿಐ ಚೆಕ್ (ಕೊಳ್ಳೋನ ಹಿನ್ನೆಲೆ ತಪಾಸಣೆ) ಮಾಡಿಸ್ಬೇಕು, ಸೀರಿಯಲ್ ನಂಬರ್ ಪುಸ್ತಕದಲ್ಲಿ ಏರಿಸ್ಬೇಕು, ನಮ್ಮ ಸ್ಟೋರಲ್ಲಂತೂ ದುಡ್ಡು ಕೊಟ್ಟ ಮೇಲೂ ಡಬ್ಬ ಅವರ ಕೈಗೆ ಕೊಡ್ತಿರ್ಲಿಲ್ಲ, ನಾವೇ ಹೊತ್ಕೊಂಡು ಬಾಗಿಲ ತನಕ ಹೋಗಿ ಆಚೆ ಕೊಟ್ಟು ಬರ್ಬೇಕಿತ್ತು. ಇಷ್ಟೆಲ್ಲಾ ಕೊಳ್ಳೋನಿಗೆ. ಕದಿಯೋನಿಗೆ ಏನು ಅಡ್ಡಿ ಅಂತ ಕೇಳಿದ್ರೆ, ಅದು ಮಾಲೀಕನ ಇಷ್ಟಕ್ಕೆ ಬಿಟ್ಟಿದ್ದು. ಗನ್ ಮಾರೋಕೆ ಲೈಸೆನ್ಸ್ ಕೊಡೋ ಫೆಡರಲ್ (ಅಂದ್ರೆ ಕೇಂದ್ರ ಸರ್ಕಾರದ) ಕಾನೂನು 1968ರದ್ದು, ರಾತ್ರಿ ಅಂಗಡಿ ಮುಚ್ಚುವಾಗ ಗನ್ನುಗಳನ್ನ ತಿಜೋರಿಲಿಡು, ಅಲಾರಂ ಹಾಕ್ಸು, ಕ್ಯಾಮೆರಾ ಹಾಕ್ಸು ಅಂತ ಅದು ಎಲ್ಲೂ ಹೇಳಲ್ಲ. ಕಳುವಾಗಿದ್ದು ಗೊತ್ತಾದ 48 ಗಂಟೆ ಒಳಗೆ ಎಟಿಎಫ್‌ಗೂ (ಗನ್ ಅಂಗಡಿ ಲೈಸೆನ್ಸ್ ನೋಡ್ಕೊಳ್ಳೋ ಇಲಾಖೆ) ಲೋಕಲ್ ಪೊಲೀಸಿಗೂ ತಿಳಿಸ್ಬೇಕು ಅಂತ ಇದೆ. ಗೊತ್ತಾದ ಮೇಲೆ ತಾನೇ? ಎಣಿಸ್ದಿದ್ರೆ ಗೊತ್ತಾಗೋದು ಹೆಂಗೆ?

ಎಣಿಸೋ ವಿಷ್ಯದಲ್ಲಿ ಇಲ್ಲಿ ಒಂದು ವಿಚಿತ್ರ ಇದೆ, ಊರಲ್ಲಿ ಹೇಳಿದ್ರೆ ಯಾರೂ ನಂಬಲ್ಲ. ವರ್ಷಕ್ಕೊಂದ್ಸಲ ಅಂಗಡೀಲಿರೋ ಗನ್ನುಗಳನ್ನ ಎಣಿಸಿ ಲೆಕ್ಕ ತಾಳೆ ಮಾಡು ಅಂತ ಎಟಿಎಫ್ ರೂಲ್ ಮಾಡ್ಬಾರ್ದು ಅಂತ ಬಜೆಟ್ ಜೊತೆ ಷರತ್ತು ಹಾಕಿರೋದು ಇಲ್ಲಿನ ಪಾರ್ಲಿಮೆಂಟೇ. ಕಿರಾಣಿ ಅಂಗಡಿಯೋನು ಕೂಡ ಯುಗಾದಿಗೋ ದೀಪಾವಳಿಗೋ ಸ್ಟಾಕ್ ಲೆಕ್ಕ ಹಾಕ್ತಾನಲ್ವಾ. ಮಾಮೂಲಿ ತಪಾಸಣೆಗೆ ಬರೋದಾದ್ರೂ ಹನ್ನೆರಡು ತಿಂಗಳಿಗೆ ಒಂದೇ ಸಲ ಬರ್ಬಹುದು, ಅದೂ ಕಾನೂನಲ್ಲಿರೋ ಮಿತಿ.

ಇದರಿಂದ ಏನಾಗುತ್ತೆ ಅನ್ನೋಕೆ 2002ರ ಕಥೆ ನೋಡಿ. ಆ ವರ್ಷ ಅಕ್ಟೋಬರಲ್ಲಿ ವಾಷಿಂಗ್ಟನ್ ಡಿಸಿ ಸುತ್ತಮುತ್ತ ಮೂರು ವಾರ ಯಾರೋ ಎಲ್ಲಿಂದಲೋ ಗುಂಡು ಹೊಡೀತಿದ್ರು, ಹುಲ್ಲು ಕತ್ತರಿಸ್ತಿದ್ದೋರು, ಬೆಂಚ್ ಮೇಲೆ ಕೂತಿದ್ದೋರು, ಪಾರ್ಕಿಂಗಲ್ಲಿ ಸಾಮಾನು ಇಡ್ತಿದ್ದೋರು, ಹತ್ತು ಜನ ಸತ್ರು. ಅದರಲ್ಲಿ ಪುಣೆ ಕಡೆಯಿಂದ ಬಂದಿದ್ದ ಟ್ಯಾಕ್ಸಿ ಡ್ರೈವರ್ ಒಬ್ರೂ ಇದ್ರು, ಪೆಟ್ರೋಲ್ ಹಾಕ್ಕೊಳ್ತಾ ನಿಂತಿದ್ದಾಗ ಗುಂಡು ಬಿತ್ತು. ಹೊಡೆದಿದ್ದು ಜಾನ್ ಅಲೆನ್ ಮುಹಮ್ಮದ್ ಮತ್ತೆ 17 ವರ್ಷದ ಲೀ ಬಾಯ್ಡ್ ಮಾಲ್ವೋ, ಹೊಡೆದಿದ್ದು ಬುಷ್‌ಮಾಸ್ಟರ್ ರೈಫಲಲ್ಲಿ. ಆ ರೈಫಲ್ ದೇಶದ ಆ ತುದಿ, ಟಕೋಮಾ ಊರಿನ ಬುಲ್ಸ್ ಐ ಅನ್ನೋ ಅಂಗಡಿದು. ಆ ಹುಡುಗ ತಾನೇ ಎತ್ಕೊಂಡು ಬಂದೆ ಅಂದ. ಸುಮಾರು ಮೂರಡಿ ಉದ್ದದ ರೈಫಲ್ ರೀ, ಬೆಂಕಿಪಟ್ಣ ಅಲ್ಲ! ಪೊಲೀಸ್ರು ನಂಬರ್ ಹಿಡ್ಕೊಂಡು ಹುಡುಕ್ಕೊಂಡು ಬರೋ ತನಕ ಅಂಗಡಿಯೋರು ಅದು ಕಳೆದಿದೆ ಅಂತ ದೂರೇ ಕೊಟ್ಟಿರ್ಲಿಲ್ಲ. ಲೆಕ್ಕ ತೆಗೆದ್ರೆ ಹಿಂದಿನ ಮೂರು ವರ್ಷದಲ್ಲಿ 238 ಗನ್ನಿಗೆ ಲೆಕ್ಕವೇ ಇಲ್ಲ. ಸತ್ತೋರ ಮನೆಯೋರು ಕೇಸ್ ಹಾಕಿ 2004ರಲ್ಲಿ ಅಂಗಡಿ ಮತ್ತೆ ಗನ್ ಕಂಪನಿ ಕಡೆಯಿಂದ 25 ಲಕ್ಷ ಡಾಲರ್ ಪಡೆದ್ರು, ಮುಂದಿನ ವರ್ಷವೇ ಇಂಥ ಕೇಸುಗಳಿಂದ ಗನ್ ಕಂಪನಿ ಮತ್ತೆ ಅಂಗಡಿಯೋರಿಗೆ ರಕ್ಷಣೆ ಕೊಡೋ ಕಾನೂನು ಬಂತು. ಆ ಟೈಮಿಂಗ್ ಬಗ್ಗೆ ನಾನೇನೂ ಹೇಳಲ್ಲ.

ನನಗೂ ಒಂದು ಆಗಿದೆ. ನವೆಂಬರಲ್ಲಿ ಬ್ಲ್ಯಾಕ್ ಫ್ರೈಡೇ ದಿನ, ಜನ ಜಾತ್ರೆ, ಕೌಂಟರಲ್ಲಿ ಇಬ್ರು ಇರ್ಬೇಕಿತ್ತು, ಇನ್ನೊಬ್ಬನ್ನ ಟಿವಿ ಸೆಕ್ಷನ್ನಿಗೆ ಕಳ್ಸಿದ್ರು. ಒಬ್ರಿಗೆ ಒಂದೇ ಗನ್ ತೋರಿಸ್ಬೇಕು, ಅದನ್ನ ವಾಪಸ್ ಇಟ್ಟು ಬೀಗ ಹಾಕಿ ಆಮೇಲೆ ಇನ್ನೊಂದು, ಇದು ಮೊದಲ್ನೇ ಪಾಠ. ಒಬ್ಬ ಜಿಂಕೆ ಬೇಟೆ ರೈಫಲ್ ನೋಡ್ತಿದ್ದ, ಇನ್ನೊಬ್ಬ ಆ ಕಡೆ ಗುಂಡಿನ ಡಬ್ಬ ಕೇಳ್ದ, ಬರೀ ಬೆನ್ನು ತಿರುಗ್ಸಿದ್ದು ಅಷ್ಟೇ, ತಿರುಗಿ ನೋಡಿದ್ರೆ ರೈಫಲೂ ಇಲ್ಲ ಮನುಷ್ಯನೂ ಇಲ್ಲ. ಜೀವ ಬಾಯಿಗೆ ಬಂತು. ಓಡಿ ಹೋಗಿ ನೋಡಿದ್ರೆ ಪುಣ್ಯಾತ್ಮ ಮೀನುಗಾಳ ಇರೋ ಸಾಲಲ್ಲಿ ಹೆಂಡ್ತಿಗೆ ತೋರಿಸ್ತಾ ನಿಂತಿದ್ದಾನೆ! ಕಳ್ಳ ಅಲ್ಲ. ಕಳ್ಳ ಆಗಿದ್ರೆ ಅಷ್ಟೊತ್ತಿಗೆ ಪಾರ್ಕಿಂಗ್ ಲಾಟ್ ದಾಟಿರ್ತಿದ್ದ. ಮ್ಯಾನೇಜರ್ ನನ್ನನ್ನ ಬೈದ್ರು, ಸರಿ, ಆದ್ರೆ ಇಬ್ರ ಕೆಲಸಕ್ಕೆ ಒಬ್ಬನ್ನ ನಿಲ್ಸಿದ್ದು ಯಾರು ಅಂತ ಯಾರೂ ಕೇಳ್ಲಿಲ್ಲ. ಹಗಲಲ್ಲಿ ಆಗೋ ಕಳ್ಳತನಕ್ಕೆ ಮದ್ದು ಇದೇ ಅಂತ ನಂಗನ್ಸುತ್ತೆ, ಕೌಂಟರ್ ಬಿಟ್ಟು ಅಲ್ಲಾಡದ ಇಬ್ರು, ಟ್ರಿಗರ್ ಸುತ್ತ ಕೇಬಲ್ಲು, ಶಿಫ್ಟ್ ಮುಗಿದಾಗ ಎಣಿಕೆ. ಒಳಗಿನೋರು ಕದಿಯೋದೂ ಉಂಟು, ಅದಕ್ಕೂ ಎಣಿಕೆಯೇ ಮದ್ದು.

ರಾತ್ರಿ ಕಳ್ಳತನ ಬೇರೆ ಥರ. ಕದ್ದ ಪಿಕಪ್ಪನ್ನ ರಿವರ್ಸಲ್ಲಿ ತಂದು ಅಂಗಡಿ ಗಾಜಿಗೆ ಗುದ್ದಿ, ಸುತ್ತಿಗೇಲಿ ಶೋಕೇಸ್ ಒಡೆದು, ಪೊಲೀಸ್ರು ಬರೋದ್ರೊಳಗೆ ಕೈಗೆ ಸಿಕ್ಕಿದ್ದೆಲ್ಲ ಬ್ಯಾಗಿಗೆ ತುಂಬ್ಕೊಂಡು ಹೋಗ್ತಾರೆ. ಸಿಕ್ಕಿಬಿದ್ರೆ ಹತ್ತು ವರ್ಷದ ತನಕ ಫೆಡರಲ್ ಜೈಲು, ಹೆದರ್ತಾರಾ? ಬಾಗಿಲ ಮುಂದೆ ಕಾಂಕ್ರೀಟ್ ಕಂಬ ನಿಲ್ಸಿ, ಪಿಸ್ತೂಲುಗಳನ್ನ ದಿನಾ ತಿಜೋರಿಗೆ ಹಾಕಿ ಶೋಕೇಸ್ ಖಾಲಿ ಕಾಣೋ ಹಾಗೆ ಬಿಟ್ರೆ ಬಂದೋನಿಗೆ ಏನು ಸಿಗುತ್ತೆ? ಕ್ಯಾಲಿಫೋರ್ನಿಯಾದಲ್ಲಿ ಇದು ಕಾನೂನೇ ಇದೆ, ಅಂಗಡಿ ಮುಚ್ಚಿದ ಮೇಲೆ ತಿಜೋರಿಲಿಡು, ಇಲ್ಲಾ ಭದ್ರವಾದ ಕೋಣೇಲಿಡು, ಅದೂ ಇಲ್ಲಾಂದ್ರೆ ಟ್ರಿಗರ್ ಗಾರ್ಡೊಳಗೆ ಉಕ್ಕಿನ ಸರಳೋ ಕೇಬಲ್ಲೋ ತೂರಿಸಿ ಬೀಗ ಹಾಕು, ಅದರ ದಪ್ಪ ಎಂಟನೇ ಒಂದಿಂಚಿಗಿಂತ ಕಮ್ಮಿ ಇರ್ಬಾರ್ದು ಅಂತ ಕೂಡ ಬರೆದಿದ್ದಾರೆ. ಇಲಿನಾಯ್ಸಲ್ಲಿ 2019ರಲ್ಲಿ ರಾಜ್ಯದ್ದೇ ಬೇರೆ ರೂಲ್ಸ್ ಬಂತು. ನಮ್ಮ ಟೆಕ್ಸಾಸಲ್ಲಿ ಗನ್ ಅಂಗಡಿಗೆ ರಾಜ್ಯದ ಲೈಸೆನ್ಸೇ ಇಲ್ಲ.

ಇಲ್ಲಿನ ಅಂಗಡಿಯೋರು ಒಂದು ವಾದ ಹೇಳ್ತಾರೆ, ಸುಳ್ಳಲ್ಲ. 2017ರಿಂದ 2021ರ ಐದು ವರ್ಷದಲ್ಲಿ ಕಳುವಾಗಿವೆ ಅಂತ ದಾಖಲಾದ ಗನ್ 10 ಲಕ್ಷದ ಮೇಲೆ, ಅದರಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಜನರ ಮನೆಯಿಂದ, ಕಾರಿಂದ ಹೋಗಿರೋದು, ಹಂಗಿರುವಾಗ ನಮ್ಮ ಮೇಲೆ ಯಾಕೆ ಬೀಳ್ತೀರಾ ಅಂತ. ಆದ್ರೆ ಮನೆಯಿಂದ ಹೋದ್ರೆ ಒಂದೋ ಎರಡೋ ಹೋಗುತ್ತೆ, ಅಂಗಡಿಯಿಂದ ಒಂದೇ ರಾತ್ರೀಲಿ ಚೀಲ ಚೀಲ ಹೊಸ ಮಾಲು ಒಂದೇ ಗ್ಯಾಂಗಿನ ಕೈ ಸೇರುತ್ತೆ. ಮನೆಮನೆಗೆ ಹೋಗಿ ಬೀಗ ನೋಡೋಕಾಗಲ್ಲ, ಅಂಗಡಿಗೆ ಲೈಸೆನ್ಸ್ ಕೊಟ್ಟಿರೋದು ಸರ್ಕಾರ, ಅದರ ಮೇಲೆ ಒಂದು ಷರತ್ತು ಬರೆಯೋಕೇನು ಕಷ್ಟ.

ನಮ್ಮನೇಲೂ ತಾತನ ಕಾಲದ ಒಂದು ಒಂಟಿನಳಿಗೆ ಕೋವಿ ಇತ್ತು, ಕಾಡುಹಂದಿ ಓಡಿಸೋಕೆ. ಎಲೆಕ್ಷನ್ ಬಂತೂಂದ್ರೆ ಸ್ಟೇಷನ್ನಿಗೆ ಹೊತ್ಕೊಂಡು ಹೋಗಿ ಒಪ್ಪಿಸಿ ರಸೀದಿ ತರ್ಬೇಕು, ಅಪ್ಪ ಪ್ರತಿ ಸಲ ಬೈಕೊಂಡೇ ಹೋಗ್ತಿದ್ರು, ಹಂದಿಗೇನು ನೀತಿಸಂಹಿತೆ ಇದೆಯಾ ಅಂತ. ಆ ಬೈಗುಳ ನ್ಯಾಯವೇ. ಆದ್ರೂ ಆ ನೆಪದಲ್ಲಾದ್ರೂ ಕೋವಿ ಇದೆಯಾ, ನಂಬರ್ ಸರಿ ಇದೆಯಾ ಅಂತ ಯಾರೋ ಒಬ್ರು ಕಣ್ಣಲ್ಲಿ ನೋಡ್ತಿದ್ರು.

ಇನ್ನೊಂದು ಮಾತು, ಬೇಸಿಗೇಲಿ ಮಗನ ಮನೆಗೆ, ಮಗಳ ಮನೆಗೆ ಅಂತ ಇಲ್ಲಿಗೆ ಬರೋ ನಿಮ್ಮ ಓದುಗರಿಗೆ. ಸ್ಟೋರಲ್ಲಿ ಗನ್ ಕೌಂಟರ್ ನೋಡಿದ ತಕ್ಷಣ ಒಂದು ಫೋಟೋ ತಗೋತೀವಿ ಸ್ವಲ್ಪ ಆ ರೈಫಲ್ ಕೊಡಪ್ಪ ಅಂತ ಕೇಳೋರನ್ನ ನಾನೇ ಎಷ್ಟೋ ಸಲ ನೋಡಿದೀನಿ, ಕನ್ನಡದಲ್ಲೇ ಇಲ್ಲ ಅಂದು ಕಳ್ಸಿದೀನಿ. ವಿಸಿಟರ್ ವೀಸಾದಲ್ಲಿ ಬಂದೋರು, ಬೇಟೆ ಲೈಸೆನ್ಸ್ ಥರದ ಒಂದೆರಡು ವಿನಾಯಿತಿ ಬಿಟ್ರೆ, ಗನ್ ಇಟ್ಕೊಳ್ಳೋ ಹಾಗೇ ಇಲ್ಲ ಅಂತ ಫೆಡರಲ್ ಕಾನೂನಿದೆ, ಕೈಯಲ್ಲಿ ಹಿಡ್ಕೊಂಡ ಫೋಟೋ ಫೇಸ್‌ಬುಕ್ಕಿಗೆ ಹಾಕಿ ಮುಂದಿನ ಸಲ ಇಮಿಗ್ರೇಷನ್ನಲ್ಲಿ ಉತ್ತರ ಕೊಡೋ ಗ್ರಹಚಾರ ಯಾಕೆ? ಅದೂ ಅಲ್ದೆ ನಿಮ್ಮ ಫೋಟೋ ನೋಡ್ತಾ ನಿಂತ ಆ ಕೌಂಟರ್ ಹುಡುಗ ಅವತ್ತೂ ಒಬ್ಬನೇ ಇರ್ತಾನೆ.

ಇತಿ,
ನಿಮ್ಮ ಹಳೇ ಓದುಗ, ಡಲ್ಲಾಸ್ ಹತ್ರದಿಂದ