ಶನಿವಾರದ ಪಾಠಕ್ಕೆ ಮೊದಲು ಗೊಬ್ಬರದ ಚೀಲ ನೋಡಿ

ಒಂಬತ್ತನೇ ತರಗತಿಯ ಮಕ್ಕಳೇ, ಪೋಷಕರೇ,

ಶನಿವಾರ ಸಂಜೆ ಮಂಡ್ಯದ ನಮ್ಮ ಮನೆಪಾಠದಲ್ಲಿ ಧಾತುಗಳ ಸಂಕೇತ ಮತ್ತು ಅಣುಸೂತ್ರ ಆರಂಭ. ಬರುವ ಮುನ್ನ ಮನೆಯಲ್ಲಿರುವ 17:17:17 (ಎನ್‌ಪಿಕೆ) ಗೊಬ್ಬರದ ಚೀಲವನ್ನು ಒಮ್ಮೆ ಓದಿ. ಎನ್ ಎಂದರೆ ಸಾರಜನಕ, ಪಿ ಎಂದರೆ ರಂಜಕ, ಸರಿ. ಪೊಟ್ಯಾಸಿಯಂಗೆ ಕೆ ಏಕೆ? ಕೇಲಿಯಂ ಎಂಬ ಲ್ಯಾಟಿನ್ ಹೆಸರಿನಿಂದ. ಸೋಡಿಯಂ, ಕಬ್ಬಿಣ, ಚಿನ್ನಗಳದ್ದೂ ಇದೇ ಕಥೆ. ಇಂಥವು ಕೆಲವೇ ಇವೆ, ಬಾಯಿಪಾಠ ಮಾಡದೆ ಗತಿಯಿಲ್ಲ.

ಯೂರಿಯಾದ ಸೂತ್ರ ಸಿಒ(ಎನ್‌ಎಚ್2)2. ಆವರಣದ ಹೊರಗಿನ 2 ಒಳಗಿರುವ ಎಲ್ಲವನ್ನೂ ಗುಣಿಸುತ್ತದೆ. ಆದ್ದರಿಂದ ಸಾರಜನಕ 2, ಜಲಜನಕ 4. ಕಳೆದ ವರ್ಷ ಅರ್ಧ ತರಗತಿ ಜಲಜನಕ 2 ಎಂದೇ ಬರೆದಿತ್ತು! ನಮ್ಮ ಕಬ್ಬಿನ ಸಕ್ಕರೆ ಸಿ12ಎಚ್22ಒ11. ಒಂದು ಅಣುವಿನಲ್ಲಿ ಎಷ್ಟು ಪರಮಾಣು ಎಂದು ಎಣಿಸಿಕೊಂಡು ಬನ್ನಿ.

ಇನ್ನೊಂದು ಮಾತು. ಕೋಬಾಲ್ಟ್‌ನ ಸಂಕೇತ ಸಿಒ ಬರೆಯುವಾಗ ಇಂಗ್ಲಿಷಿನ ಎರಡನೆಯ ಅಕ್ಷರ ಚಿಕ್ಕದಿರಲಿ. ಎರಡನ್ನೂ ದೊಡ್ಡದಾಗಿ ಬರೆದರೆ ಲೋಹ ಹೋಗಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಾಗುತ್ತದೆ. ಕನ್ನಡದಲ್ಲಿ ಟೈಪ್ ಮಾಡಿ ಇದನ್ನು ತೋರಿಸಲಾಗದು, ಹಲಗೆಯ ಮೇಲೆ ತೋರಿಸುತ್ತೇನೆ.

ಪೆನ್ಸಿಲ್, ರಬ್ಬರ್ ಮರೆಯಬೇಡಿ. ಚೀಲವನ್ನೇ ಹೊತ್ತು ತರುವುದು ಬೇಡ, ಮೊಬೈಲ್‌ನಲ್ಲಿ ಫೋಟೋ ಸಾಕು.