ಮಾತ್ರೆ ಮುಗಿದರೂ ಕಣ್ಣಿನ ತಪಾಸಣೆ ನಿಲ್ಲಬಾರದು

ಮಾನ್ಯ ಸಂಪಾದಕರೇ,

ಕುಷ್ಠರೋಗದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳನ್ನು ತಪ್ಪದೆ ಓದುತ್ತೇನೆ. ಸ್ಪರ್ಶವಿಲ್ಲದ ಮಚ್ಚೆ, ಮಡಚಿಕೊಂಡ ಬೆರಳು, ಅಂಗಾಲಿನ ಹುಣ್ಣು ಎಲ್ಲವೂ ಅವುಗಳಲ್ಲಿ ಇರುತ್ತವೆ. ಕಣ್ಣಿನ ಮಾತು ಬರುವುದು ಮಾತ್ರ ಅಪರೂಪ. ನನ್ನ ತಾಯಿಗೆ ಈ ರೋಗ ಪೂರ್ತಿ ವಾಸಿಯಾಯಿತು. ಅವರ ಬಲಗಣ್ಣು ಹೋಗಿದ್ದು ವಾಸಿಯಾದ ಮೇಲೆ!

ರಿಫಾಂಪಿಸಿನ್, ಕ್ಲೊಫಾಜಿಮಿನ್, ಡ್ಯಾಪ್ಸೋನ್ ಕೂಡಿದ ಬಹುಔಷಧ ಚಿಕಿತ್ಸೆಯನ್ನು ಅಮ್ಮ 12 ತಿಂಗಳೂ ಬಿಡದೆ ತೆಗೆದುಕೊಂಡರು. ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿದ ಈ ಚಿಕಿತ್ಸೆಯಿಂದ ಕೋಟಿಗೂ ಮೀರಿ ಜನ ಗುಣಮುಖರಾಗಿದ್ದಾರೆ; ಅದಕ್ಕೆ ನಾವು ಋಣಿಗಳು. ಆದರೆ ಮಾತ್ರೆ ಕೊಲ್ಲುವುದು ರೋಗಾಣುವನ್ನು. ಅಷ್ಟರೊಳಗೆ ಕೆಟ್ಟುಹೋದ ನರವನ್ನು ಅದು ಸರಿಮಾಡುವುದಿಲ್ಲ. ಸತ್ತ ರೋಗಾಣುವಿನ ಅವಶೇಷಗಳ ಮೇಲೆ ದೇಹ ತಿರುಗಿಬಿದ್ದು, ಚಿಕಿತ್ಸೆ ಮುಗಿದ ಮೇಲೂ ನರಗಳಲ್ಲಿ, ಕಣ್ಣಿನೊಳಗೆ ಉರಿಯೂತ ಏಳಬಹುದು. ಅಮ್ಮನನ್ನು ಗುಣವಾಗಿದೆ ಎಂದು ಕಳಿಸಿಕೊಟ್ಟವರು ಈ ವಿಷಯ ಹೇಳಲೇ ಇಲ್ಲ.

ಅಮ್ಮ ನಿದ್ದೆಹೋದಾಗ ಬಲಗಣ್ಣಿನ ರೆಪ್ಪೆ ಕೂಡುತ್ತಿರಲಿಲ್ಲ. ಸಂದಿನಲ್ಲಿ ಬಿಳಿಗುಡ್ಡೆ ಕಾಣುತ್ತಿತ್ತು. ರೆಪ್ಪೆ ಮುಚ್ಚಿಸುವ ಮುಖದ ನರ ಸೋತಿತ್ತು. ಕಣ್ಣಿಗೆ ಸ್ಪರ್ಶ ಕೊಡುವ ನರವೂ ಕೆಟ್ಟಿತ್ತು. ರೆಪ್ಪೆಗೂದಲು ಉದುರಿದ್ದರಿಂದ ಧೂಳಿಗೆ ಆ ತಡೆಯೂ ಇರಲಿಲ್ಲ. ಕಣ್ಣು ಕೆಂಪಗಿದೆಯಲ್ಲ ಎಂದು ಕೇಳಿದರೆ, “ನೋವೇನೂ ಇಲ್ಲ, ಬಿಡೇ” ಎಂದರು. ಬೆಳಕಿಗೆ ಹಿಡಿದು ನೋಡಿದರೆ ಕರಿಗುಡ್ಡೆಯ ಮೇಲೆ ಕಸದ ಚೂರೊಂದು ಅಂಟಿತ್ತು, ಸುತ್ತ ಬೂದುಬಣ್ಣದ ಹುಣ್ಣು. ಬೇರೆ ಯಾರಿಗೇ ಆಗಿದ್ದರೂ ಅರೆಗಳಿಗೆ ತಡೆಯಲಾಗದಂಥ ಕಸ ಅದು. ಹುಣ್ಣು ಮಾಯಿತು, ಬಿಳಿ ಕಲೆ ಉಳಿಯಿತು, ಆ ಕಣ್ಣಿನ ದೃಷ್ಟಿ ಹೋಯಿತು.

ಈ ರೋಗದವರಿಗೆ ಕಣ್ಣು ಹೋದರೆ ಆಗುವ ನಷ್ಟ ಬೇರೆಯೇ ತೂಕದ್ದು. ದೃಷ್ಟಿಯಿಲ್ಲದವರು ಕೈಯಿಂದ ತಡವಿ ತಿಳಿಯುತ್ತಾರೆ. ಅಮ್ಮನ ಕೈಗೆ ಬಿಸಿ, ತಣುಪು, ಒರಟು, ನುಣುಪು ಯಾವುದೂ ತಿಳಿಯದು. ಕಣ್ಣಿನ ಹನಿಯ ಬಾಟಲಿ ಹಿಂಡುವುದಕ್ಕೂ ಬೆರಳು ಬಾಗುವುದಿಲ್ಲ, ನಾನೇ ಹಾಕಬೇಕು. ಉಳಿದ ಎಡಗಣ್ಣೂ ಹೋದರೆ ಅವರಿಗೆ ಆಸರೆ ಯಾವುದು?

ಕೆಲವರಿಗೆ ಪಾಪೆಯ ಸುತ್ತ ಉರಿಯೂತವಾಗಿ, ಸದ್ದಿಲ್ಲದೆ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಪೊರೆಯೂ ಬರುತ್ತದೆ. ಕುಷ್ಠರೋಗ ಬಂದಿತ್ತೆಂಬ ಕಾರಣಕ್ಕೆ ಪೊರೆಯ ಶಸ್ತ್ರಚಿಕಿತ್ಸೆ ನಿರಾಕರಿಸುವುದು ಅನ್ಯಾಯ.

ಕಣ್ಣಿನ ಮೊದಲ ತಪಾಸಣೆಗೆ ದೊಡ್ಡ ಯಂತ್ರ ಬೇಕಿಲ್ಲ. ನಿದ್ದೆ ಮಾಡುವಂತೆ ಮೆಲ್ಲಗೆ ಕಣ್ಣು ಮುಚ್ಚಲು ಹೇಳಿ, ಸಂದು ಉಳಿಯುತ್ತದೆಯೇ ನೋಡಬೇಕು. ರೆಪ್ಪೆ ತಾನಾಗಿ ಮಿಟುಕುತ್ತಿದೆಯೇ ಗಮನಿಸಬೇಕು. ಟಾರ್ಚ್ ಹಿಡಿದು ಕರಿಗುಡ್ಡೆ, ಪಾಪೆ ನೋಡಬೇಕು. 6 ಮೀಟರ್ ದೂರದಿಂದ ಬೆರಳು ಎಣಿಸಲು ಹೇಳಬೇಕು. ರೆಪ್ಪೆ ಸೋತು 6 ತಿಂಗಳೊಳಗಾದರೆ ಉರಿಯೂತ ತಗ್ಗಿಸುವ ಪ್ರೆಡ್ನಿಸೊಲೋನ್ ಎಂಬ ಔಷಧದಿಂದ ಚೇತರಿಸಿಕೊಳ್ಳುವ ಸಾಧ್ಯತೆ ಇದೆ. ತಡವಾಗಿದ್ದರೆ ರೆಪ್ಪೆ ಮುಚ್ಚುವಂತೆ ಮಾಡುವ ಶಸ್ತ್ರಚಿಕಿತ್ಸೆ ಇದೆ. ಚಿಕಿತ್ಸೆಯ ಅವಧಿಯ ಪ್ರತಿ ಭೇಟಿಯಲ್ಲೂ, ಮುಗಿದ ಮೇಲೆ ವರ್ಷಕ್ಕೊಮ್ಮೆಯಾದರೂ ಈ ತಪಾಸಣೆ ನಡೆಯಬೇಕೆಂದು ಆರೋಗ್ಯ ಇಲಾಖೆಯನ್ನು ಒತ್ತಾಯಿಸುತ್ತೇನೆ.

ಮನೆಯವರಿಗೂ ಒಂದು ಮಾತು. ನೋವಿಲ್ಲ ಎಂಬ ಉತ್ತರವನ್ನು ನಂಬಿ ಸುಮ್ಮನಾಗಬೇಡಿ, ದಿನಾ ನೀವೇ ಕಣ್ಣು ನೋಡಿ. ಕೆಂಪು ಕಂಡರೆ, ಮಸುಕಾಗಿದೆ ಎಂದರೆ ಅಂದೇ ವೈದ್ಯರ ಬಳಿ ಕರೆದೊಯ್ಯಿರಿ. ಜೋಮು ಹಿಡಿದ ಕೈಯಿಂದ ಕಣ್ಣುಜ್ಜಲು ಬಿಡಬೇಡಿ. ಹಗಲು ಕನ್ನಡಕ, ರಾತ್ರಿ ಕಣ್ಣಿನ ಮೇಲೆ ಶುಭ್ರವಾದ ಮೆತ್ತನೆಯ ಬಟ್ಟೆ ಇರಲಿ.

ಮುಂದಿನ ಸಲ ಈ ರೋಗದ ಕುರಿತು ಲೇಖನ ಪ್ರಕಟಿಸುವಾಗ, ಕೂಡದ ರೆಪ್ಪೆಯ ಚಿತ್ರವೊಂದನ್ನೂ ದಯವಿಟ್ಟು ಹಾಕಿ.

– ನೊಂದ ಓದುಗಳು
(ಅಮ್ಮನ ಇಚ್ಛೆಯಂತೆ ಹೆಸರು ಪ್ರಕಟಿಸಬಾರದಾಗಿ ವಿನಂತಿ)